ದಿಗ್ವ್ರತವೂ ಧಾನ್ಯದ ಇಂಧನವೂ

ಉಪವಾಸದ ದಿನ ಶ್ರಾವಕನು ಅನ್ನವನ್ನು ತ್ಯಜಿಸುತ್ತಾನೆ. ಆದರೆ ಆತನ ವಾಹನವು ಅಂದೂ ಧಾನ್ಯವನ್ನು ಉಣ್ಣುತ್ತಿದ್ದರೆ ಆ ವ್ರತವು ಪೂರ್ಣವೆನಿಸೀತೇ?

ಅಮೆರಿಕವು 2005 ಮತ್ತು 2007ರ ಕಾಯಿದೆಗಳಿಂದ ಜೈವಿಕ ಇಂಧನದ ಬಳಕೆಯನ್ನು ಕಡ್ಡಾಯಗೊಳಿಸಿತು. ಬೇಡಿಕೆಯೊಡನೆ ಮೆಕ್ಕೆಜೋಳದ ಬೆಲೆಯೂ ಏರಿತು. 2007ರ ಜನವರಿಯಲ್ಲಿ ಮೆಕ್ಸಿಕೋ ನಗರದ ಜನರು ತಮ್ಮ ನಿತ್ಯಾಹಾರವಾದ ಮೆಕ್ಕೆಜೋಳದ ರೊಟ್ಟಿ ದುಬಾರಿಯಾದುದನ್ನು ವಿರೋಧಿಸಿ ಬೀದಿಗಿಳಿದರು. ಭಾರತದಲ್ಲಿಯೂ 2025ರಲ್ಲಿ ಪೆಟ್ರೋಲಿಗೆ ಶೇಕಡಾ 20ರ ಎಥೆನಾಲ್ ಮಿಶ್ರಣವು ಸಾಧಿತವಾಯಿತು. ಕಬ್ಬಿನೊಡನೆ ಮೆಕ್ಕೆಜೋಳ, ಅಕ್ಕಿಗಳೂ ಅದಕ್ಕೆ ಒದಗುತ್ತಿವೆ. ಒಂದು ಕ್ವಿಂಟಾಲ್ ಮೆಕ್ಕೆಜೋಳದಿಂದ ದೊರೆಯುವ ಎಥೆನಾಲ್ ಸುಮಾರು 40 ಲೀಟರ್ ಮಾತ್ರ.

ಇದರಿಂದ ಬೆಳೆಗಾರನಿಗೆ ಒಳ್ಳೆಯ ಬೆಲೆ ದೊರೆಯುವುದು ನಿಜ. ಉಳಿದ ಗಸಿಯು ಪಶುಗಳಿಗೆ ಆಹಾರವಾಗುವುದೂ ನಿಜ. ಆದರೆ ಧಾನ್ಯವನ್ನು ಕೊಂಡು ಉಣ್ಣುವ ಕೂಲಿಕಾರನಿಗೆ ಅದೇ ಬೆಲೆಯು ಹೊರೆ. ಆತನ ಹಸಿವಿನಲ್ಲಿ ಸಂಕಲ್ಪವಿಲ್ಲ. ಆದುದರಿಂದ ಅದು ತಪಸ್ಸಲ್ಲ, ಪರರು ಹೇರಿದ ಹಿಂಸೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗುಣವ್ರತಗಳ ಪೈಕಿ ದಿಗ್ವ್ರತವನ್ನು ಮೊದಲು ಹೇಳಿದ್ದಾರೆ. ದಶದಿಕ್ಕುಗಳಲ್ಲಿ ತನ್ನ ಸಂಚಾರಕ್ಕೆ ತಾನೇ ಮೇರೆಯನ್ನು ಗೊತ್ತುಪಡಿಸಿಕೊಳ್ಳುವುದೇ ಆ ವ್ರತ. ಯಾವ ಇಂಧನವನ್ನು ಸುಡಬೇಕೆಂಬುದು ಅನಂತರದ ಪ್ರಶ್ನೆ. ಎಷ್ಟು ದೂರ ಸಂಚರಿಸಬೇಕೆಂಬುದೇ ಮೊದಲನೆಯದು. ಉಪವಾಸ ಕೈಗೊಳ್ಳುವವರು ಅಂದು ಅನ್ನದೊಡನೆ ಅನಗತ್ಯ ಪ್ರಯಾಣವನ್ನೂ ತ್ಯಜಿಸುವುದು ಉಚಿತ.