ಮೊದಲು ಕುಳಿತು ಲೆಕ್ಕ ಹಾಕೋಣ
ಸಾಧಾರಣ ಕಾಲದ 23ನೆಯ ಭಾನುವಾರ, ‘ಸಿ’ ವರ್ಷ



ನಮ್ಮ ತಾಳವಾಡಿ ಸೀಮೆಯ ಯಾವ ಊರಿಗೆ ಹೋದರೂ ಅರ್ಧಕ್ಕೆ ನಿಂತ ಮನೆ ಒಂದಾದರೂ ಕಾಣುತ್ತದೆ. ಕಂಬಗಳು ಎದ್ದಿರುತ್ತವೆ, ತಾರಸಿ ಬಿದ್ದಿರುವುದಿಲ್ಲ. ಮೇಲೆ ಚಾಚಿದ ಕಂಬಿಗಳು ತುಕ್ಕು ಹಿಡಿದಿರುತ್ತವೆ. ಕಟ್ಟಿದ ದೃಷ್ಟಿಬೊಂಬೆ ಬಿಸಿಲಿಗೆ ಬಣ್ಣ ಕಳೆದುಕೊಂಡಿರುತ್ತದೆ. ದಾರಿಯಲ್ಲಿ ಹೋಗುವವರು, “ಟೊಮೆಟೊ ರೇಟು ಬಿದ್ದ ವರ್ಷ ನಿಂತದ್ದು, ಇನ್ನೂ ಏಳಲಿಲ್ಲ” ಎಂದು ಮಾತಾಡಿಕೊಳ್ಳುತ್ತಾರೆ. ಇಂದಿನ ಶುಭಸಂದೇಶವನ್ನು (ಲೂಕ 14:25-33) ಓದುವಾಗಲೆಲ್ಲ ನನಗೆ ಆ ಕಂಬಿಗಳೇ ಕಣ್ಣ ಮುಂದೆ ಬರುತ್ತವೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಅಸ್ತಿವಾರಕ್ಕೇ ಹಣ ಮುಗಿದು ನೋಡಿದವರೆಲ್ಲ ನಗುತ್ತಾರೆ ಎಂದು ಯೇಸುಸ್ವಾಮಿ ಎಚ್ಚರಿಸುತ್ತಾರೆ.

ಇತ್ತೀಚೆಗೆ ಒಂದು ಸಂಜೆ ಗಂಡ ಹೆಂಡತಿ ಇಬ್ಬರು ನನ್ನನ್ನು ಕಾಣಲು ಬಂದರು. ಅವರ ಒಪ್ಪಿಗೆ ಕೇಳಿಯೇ, ಗುರುತು ಸಿಗದ ಹಾಗೆ ಇದನ್ನು ಬರೆಯುತ್ತಿದ್ದೇನೆ. ಗಂಡ ನಮ್ಮ ಕಡೆಯವನು. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಆರು ವರ್ಷ ದುಡಿದು, ಹಬ್ಬಕ್ಕೂ ಹೊಸ ಬಟ್ಟೆ ಬೇಡವೆಂದು ಹಿಡಿದಿಟ್ಟು, ಊರಿನ ಹಳೆಯ ಜಾಗದಲ್ಲಿ ಮನೆ ಕಟ್ಟಲು 16 ಲಕ್ಷ ರೂಪಾಯಿ ಕೂಡಿಟ್ಟಿದ್ದಾರೆ. ಇನ್ನು 20 ಲಕ್ಷ ಬ್ಯಾಂಕಿನಲ್ಲಿ ಸಾಲ ತೆಗೆದರೆ ಮನೆ ಆಗುತ್ತದೆ. ಆದರೆ ಅವರು ಕೇಳಲು ಬಂದದ್ದು ಮನೆಯ ವಿಷಯವಲ್ಲ.

“ಫಾದರ್, ಒಂದು ವರ್ಷ ಕೆಲಸ ಬಿಟ್ಟು ತಿರುಗಾಡಿ ಬರೋಣ ಅಂತಿದ್ದೇವೆ. ಮೊದಲು ನಮ್ಮ ದೇಶ, ಆಮೇಲೆ ಪುಣ್ಯಭೂಮಿ, ರೋಮ್. ಕೊನೆಗೆ ಸ್ಪೇನಿನಲ್ಲಿ ಸಂತ ಯಕೋಬರ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆ. ಒಂಬತ್ತು ಲಕ್ಷ ಆಗುತ್ತೆ. ಮನೆಯ ದುಡ್ಡನ್ನೇ ತೆಗೀಬೇಕು. ಇದು ತಪ್ಪಾ?”

ನಾನು ತಡಮಾಡಲೇ ಇಲ್ಲ. “ಮೊದಲು ಮನೆ ಕಟ್ಟಿ. ತಿರುಗಾಟ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದುಬಿಟ್ಟೆ. ಆಗ ಆ ಹೆಣ್ಣುಮಗಳು ಮೆಲ್ಲಗೆ ಹೇಳಿದಳು: “ನಮ್ಮಮ್ಮನೂ ಹಾಗೇ ಅಂದ್ಕೊಂಡಿದ್ದರು ಫಾದರ್.” ಅವಳ ತಾಯಿ ಪುಣ್ಯಭೂಮಿಗೆ ಹೋಗಬೇಕೆಂದು ಕೂಲಿ ದುಡ್ಡಿನಲ್ಲಿ ವರ್ಷಗಟ್ಟಲೆ ಉಳಿಸಿದ್ದರಂತೆ. ಮಗಳ ಮದುವೆ ಆಗಲಿ, ಮಗನ ಓದು ಮುಗಿಯಲಿ ಎಂದು ಮುಂದೂಡುತ್ತಲೇ ಹೋಗಿ, 54ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಾಸ್‌ಬುಕ್ಕಿನಲ್ಲಿದ್ದ ಆ ಹಣದಿಂದಲೇ ಮಣ್ಣಿನ ಖರ್ಚು ನಡೆಯಿತು.

ನಾನು ಸುಮ್ಮನಾದೆ. ಲೆಕ್ಕ ಹಾಕದೆ ಮಾತಾಡಿದ್ದು ಅವರಲ್ಲ, ನಾನು.

ಇಂದಿನ ಮೊದಲ ವಾಚನದಲ್ಲಿ (ಜ್ಞಾನಗ್ರಂಥ 9:13-18) ಮನುಷ್ಯರ ಯೋಜನೆಗಳು ಎಷ್ಟು ಅಸ್ಥಿರ, ಕೈಯಲ್ಲಿರುವುದನ್ನು ತಿಳಿಯುವುದೇ ನಮಗೆ ಎಷ್ಟು ಕಷ್ಟ ಎಂದು ಕೇಳಿದೆವು. ನಮ್ಮ ದೇಹವನ್ನೇ ಅಲ್ಲಿ ಮಣ್ಣಿನ ಗುಡಾರವೆಂದು ಕರೆಯಲಾಗಿದೆ. 90ನೆಯ ಕೀರ್ತನೆಯಲ್ಲಿ ನಮ್ಮ ದಿನಗಳನ್ನು ಎಣಿಸಲು ಕಲಿಸೆಂದು ದೇವರನ್ನು ಬೇಡಿಕೊಂಡೆವು. ಹಣ ಎಣಿಸುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ದಿನ ಎಣಿಸುವುದನ್ನು ಮಾತ್ರ ದೇವರೇ ಕಲಿಸಬೇಕು. ಆದುದರಿಂದ ಈ ದಂಪತಿಗಳ ಜೊತೆ ಕುಳಿತು ಎರಡನ್ನೂ ಎಣಿಸೋಣವೆಂದು ಇನ್ನೊಂದು ಸಂಜೆ ಬರಹೇಳಿದೆ.

ಮೊದಲು ಹಣದ ಲೆಕ್ಕ. ಬಡ್ಡಿ ನೂರಕ್ಕೆ ಎಂಟೂವರೆಯಂತೆ ಹಿಡಿದರೆ, 20 ಲಕ್ಷ ಸಾಲಕ್ಕೆ 20 ವರ್ಷ ತಿಂಗಳಿಗೆ ಸುಮಾರು 17,350 ರೂಪಾಯಿ ಕಂತು. ಎಲ್ಲ ಸೇರಿ ಬ್ಯಾಂಕಿಗೆ ಹೋಗುವುದು 41 ಲಕ್ಷಕ್ಕೂ ಹೆಚ್ಚು. ಪ್ರವಾಸಕ್ಕೆ 9 ಲಕ್ಷ ತೆಗೆದರೆ ಆಮೇಲೆ ಅಷ್ಟನ್ನೂ ಸಾಲವಾಗಿಯೇ ಸೇರಿಸಬೇಕು. ಆ 9 ಲಕ್ಷ 20 ವರ್ಷದಲ್ಲಿ ಹದಿನೆಂಟು ಮುಕ್ಕಾಲು ಲಕ್ಷದ ಹತ್ತಿರ ಬಂದು ನಿಲ್ಲುತ್ತದೆ. ಒಂದು ವರ್ಷದ ಸಂಬಳ ಇಲ್ಲ. ಹಿಂದಿರುಗಿದಾಗ ಕೆಲಸ ಕಾದಿರುತ್ತದೆಂಬ ಭರವಸೆ ಇಲ್ಲ. ಸಿಮೆಂಟು, ಕಂಬಿ, ಮೇಸ್ತ್ರಿ ಕೂಲಿ ನಮಗಾಗಿ ಕಾಯುವುದಿಲ್ಲ. ಸ್ಪೇನ್, ಇಟಲಿ ಸೇರಿದ ಆ ದೇಶಗಳ ಪ್ರವಾಸಿ ವೀಸಾದಲ್ಲಿ 180 ದಿನಗಳೊಳಗೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದೆವು. ಇದನ್ನು ಬರೆಯುವುದು ಅವಿಶ್ವಾಸವಲ್ಲ. ಪ್ರಭುವೇ ಕುಳಿತು ಲೆಕ್ಕ ಹಾಕಿ ಎಂದಿದ್ದಾರೆ.

ಇನ್ನೊಂದು ಹಾಳೆಯಲ್ಲಿ ದಿನಗಳ ಲೆಕ್ಕ. ಮಂಡಿ ನೋವಿಲ್ಲದೆ ನಡೆಯಬಲ್ಲ ವರ್ಷಗಳು ಎಷ್ಟು? ಕಂತು ಕಟ್ಟಲು ಇಬ್ಬರೂ ಎರಡು ಶಿಫ್ಟಿನಲ್ಲಿ ದುಡಿದು, ಒಬ್ಬರ ಮುಖ ಒಬ್ಬರು ಭಾನುವಾರ ಮಾತ್ರ ನೋಡುವ ವರ್ಷಗಳು ಎಷ್ಟು? ಮನೆಯೆಂಬುದು ಗೋಡೆಯೊಂದೇ ಅಲ್ಲ ಎಂದು ಇದನ್ನು ಬರೆಯುವಾಗ ಮೂವರಿಗೂ ಅನ್ನಿಸಿತು.

ಆದರೆ ಎರಡೂ ಹಾಳೆಯಲ್ಲಿ ಬರದ ಒಬ್ಬರಿದ್ದರು: ಊರಿನಲ್ಲಿರುವ ಅಪ್ಪ. “ಅಪ್ಪ ಏನಂತಾರೆ?” ಎಂದು ಕೇಳಿದೆ. ಮಗ ತಲೆ ತಗ್ಗಿಸಿದ. “ಏನೂ ಅನ್ನಲ್ಲ ಫಾದರ್. ‘ನೀವು ಹೋಗ್ಬನ್ನಿ. ಮಳೆ ಬಂದ್ರೆ ಎಲ್ಲೆಲ್ಲಿ ಪಾತ್ರೆ ಇಡಬೇಕು ಅಂತ ನಂಗೆ ಗೊತ್ತು ಕಣ್ ಮಗ’ ಅಂದ್ರು.”

ಸಹೋದರ ಸಹೋದರಿಯರೇ, ಇಲ್ಲಿ ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯ ನೆನಪಿಗೆ ಬರುತ್ತದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು ಎಂದು ಹೆಸರಿಟ್ಟು ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸುಸ್ವಾಮಿ ಕಟುವಾಗಿ ಖಂಡಿಸಿದರು. ತೀರ್ಥಯಾತ್ರೆ ಎಂಬ ಪವಿತ್ರವಾದ ಹೆಸರೂ ಕೊರ್ಬಾನ್ ಆಗಬಲ್ಲದು. ಅಪ್ಪನ ತಲೆಯ ಮೇಲೆ ನಾಡಹೆಂಚು ಸೋರುತ್ತಿರುವಾಗ ಸಂತ ಪೇತ್ರರ ದೇವಾಲಯದ ಗುಮ್ಮಟದ ಕೆಳಗೆ ನಿಂತು ಹಾಡುವ ಸ್ತುತಿ ದೇವರಿಗೆ ಹೇಗೆ ಕೇಳಿಸೀತು?

ಹಾಗೆಂದು ಮನೆ ಕಟ್ಟುವವರೆಲ್ಲ ನಿಶ್ಚಿಂತರಾಗಬೇಡಿ. “ಅಪ್ಪ ಅಮ್ಮನಿಗಾಗಿ, ಮಕ್ಕಳಿಗಾಗಿ” ಎಂಬ ಹೆಸರಿನಲ್ಲಿ ನಾವು ಕಟ್ಟುವುದು ಎಷ್ಟೋ ಸಲ ಗೋಪುರವನ್ನೇ. ಪಕ್ಕದವನು ಒಂದು ಅಂತಸ್ತು ಕಟ್ಟಿದ ಎಂದು ನಮಗೆ ಎರಡು ಬೇಕು. ಗೃಹಪ್ರವೇಶಕ್ಕೆ ಕರೆದವರು ಬೆರಗಾಗಲಿ ಎಂದು ಟೈಲ್ಸಿಗೆ ಕೈಸಾಲ. ಕಣಜ ಒಡೆದು ದೊಡ್ಡದು ಕಟ್ಟಿಸಲು ಹೊರಟ ಆ ಶ್ರೀಮಂತನ ಕಥೆಯನ್ನು ಹೇಳಿದ್ದೂ ಇದೇ ಲೂಕನೇ. ಆ ರಾತ್ರಿಯೇ ಅವನ ಪ್ರಾಣ ಹೋಯಿತು.

ಊರಿನ ಹಿರಿಯರ ಇನ್ನೊಂದು ಆತಂಕವೂ ನನಗೆ ಗೊತ್ತು. ನಮ್ಮ ಧರ್ಮಪ್ರಾಂತ್ಯದಲ್ಲಿ ಹೆಚ್ಚಿನ ಪೂಜೆಗಳು ತಮಿಳಿನಲ್ಲಿ ನಡೆಯುತ್ತವೆ. ಕನ್ನಡದಲ್ಲಿ ಪ್ರಾರ್ಥಿಸುವವರು ಕೆಲವೇ ಮನೆಯವರು. ಮಕ್ಕಳು ಬೆಂಗಳೂರು, ತಿರುಪ್ಪೂರು ಎಂದು ಹೋಗುತ್ತಾರೆ. ಊರಿನಲ್ಲಿ ಮನೆಯೂ ಇಲ್ಲದಿದ್ದರೆ ಅವರು ಮರಳುವುದು ಹೇಗೆ, ಕನ್ನಡ ಪೂಜೆಗೆ ಮುಂದೆ ಯಾರು ಬರುತ್ತಾರೆ ಎಂಬ ಚಿಂತೆ. ಇದು ಸಣ್ಣ ಮಾತಲ್ಲ. ಆದರೆ ಬೀಗ ಹಾಕಿದ ಹೊಸ ಮನೆಗಳೂ ನಮ್ಮ ಬೀದಿಗಳಲ್ಲಿ ಇವೆ. ಮನೆ ಇದ್ದ ಮಾತ್ರಕ್ಕೆ ಮನುಷ್ಯರು ಬರುವುದಿಲ್ಲ. ಊರಿನ ಮೇಲೆ ಪ್ರೀತಿ ಇದ್ದವರು ಬರುತ್ತಾರೆ.

ವಿಶ್ವಾಸಿಗಳ ತಂದೆ ಅಬ್ರಹಾಮನನ್ನು ನೋಡಿ. ದೇವರ ಕರೆ ಕೇಳಿ 75ನೆಯ ವಯಸ್ಸಿನಲ್ಲಿ ಊರು ಬಿಟ್ಟು, ಉಳಿದ ಆಯುಷ್ಯವನ್ನು ಗುಡಾರದಲ್ಲೇ ಕಳೆದವನು. ಅಂಥವನೂ ಒಮ್ಮೆ ಕುಳಿತು ಭೂಮಿಯ ವ್ಯಾಪಾರ ಮಾಡಿದ. ಹೆಂಡತಿ ಸಾರಾ ತೀರಿಕೊಂಡಾಗ ಮಕ್ಪೇಲದ ಗವಿಯನ್ನೂ ಹೊಲವನ್ನೂ 400 ಶೆಕೆಲ್ ಬೆಳ್ಳಿ ತೂಗಿ ಕೊಂಡುಕೊಂಡ (ಆದಿಕಾಂಡ 23). ಪ್ರಯಾಣದಲ್ಲಿದ್ದವನೂ ತನ್ನವರಿಗೆ ಸಲ್ಲಬೇಕಾದದ್ದನ್ನು ಮರೆಯಲಿಲ್ಲ. ಇಂದಿನ ಎರಡನೆಯ ವಾಚನದಲ್ಲೂ ಒಂದು ಪ್ರಯಾಣವಿದೆ. ಒನೇಸಿಮ ಮನೆ ಬಿಟ್ಟು ದೂರ ಹೋದವನು. ಸಂತ ಪೌಲರು ಅವನನ್ನು ಫಿಲೆಮೋನನ ಮನೆಗೇ ಹಿಂದಕ್ಕೆ ಕಳುಹಿಸುತ್ತಾರೆ, ಆದರೆ ಗುಲಾಮನಾಗಿ ಅಲ್ಲ, ಪ್ರಿಯ ಸಹೋದರನಾಗಿ. ಹೋದವನು ಬೇರೆಯೇ ಮನುಷ್ಯನಾಗಿ ಮರಳುವುದಾದರೆ ಆ ಪ್ರಯಾಣ ವ್ಯರ್ಥವಲ್ಲ.

ಹಾಗಾದರೆ ತೀರ್ಮಾನ ಹೇಗೆ? ಲೊಯೊಲಾದ ಸಂತ ಇಗ್ನಾಸಿಯವರು 1523ರಲ್ಲಿ ಜೆರುಸಲೇಮಿಗೆ ಹೋದ ಯಾತ್ರಿಕರು. ಅಲ್ಲೇ ಕೊನೆಯವರೆಗೂ ಇರಬೇಕೆಂಬುದು ಅವರ ಆಸೆ. ಅಲ್ಲಿನ ಫ್ರಾನ್ಸಿಸ್ಕನ್ ಸಭೆಯ ಗುರುಗಳು ಒಪ್ಪಲಿಲ್ಲ. ವಿಧೇಯರಾಗಿ ಮರಳಿದರು, ದೊಡ್ಡವರಾದ ಮೇಲೂ ಮಕ್ಕಳ ಜೊತೆ ಕುಳಿತು ಲ್ಯಾಟಿನ್ ಕಲಿತರು. ತಮ್ಮ ಜೀವನದ ಕಥೆ ಹೇಳುವಾಗ ತಮ್ಮನ್ನು ‘ಯಾತ್ರಿಕ’ ಎಂದೇ ಕರೆದುಕೊಂಡರು. ಅವರ ‘ಆಧ್ಯಾತ್ಮಿಕ ಸಾಧನೆ’ಯಲ್ಲಿ ಆಯ್ಕೆ ಮಾಡುವವರಿಗೆ ಸರಳ ದಾರಿಗಳಿವೆ. ನೀವು ಎಂದೂ ಕಾಣದ ಒಬ್ಬರು ಇದೇ ಪ್ರಶ್ನೆಯೊಂದಿಗೆ ಬಂದರೆ ಏನು ಸಲಹೆ ಕೊಡುತ್ತೀರಿ? ಅದನ್ನೇ ನೀವೂ ಪಾಲಿಸಿ. ಸಾಯುವ ಗಳಿಗೆಯಲ್ಲಿ ಇಂದು ಏನನ್ನು ಆರಿಸಿಕೊಂಡಿರಬೇಕಿತ್ತು ಎಂದು ಬಯಸುತ್ತೀರಿ? ಅದನ್ನು ಇಂದೇ ಆರಿಸಿ. ಮನಸ್ಸು ಕುಗ್ಗಿ ಕತ್ತಲೆಯಲ್ಲಿರುವಾಗ ಮೊದಲಿನ ನಿರ್ಧಾರವನ್ನು ಬದಲಿಸಬೇಡಿ ಎಂದೂ ಅವರು ಎಚ್ಚರಿಸಿದ್ದಾರೆ. ಬೇಸತ್ತ ದಿನ ರಾಜೀನಾಮೆ ಬರೆಯಬೇಡಿ, ಹೊಟ್ಟೆಕಿಚ್ಚಿನ ದಿನ ಅಸ್ತಿವಾರ ತೋಡಬೇಡಿ ಎಂದು ನಮ್ಮ ಮಾತಿನಲ್ಲಿ ಹೇಳಬಹುದು.

ಇಂದಿನ ಶುಭಸಂದೇಶದ ಕೊನೆಯ ಮಾತನ್ನು ಮಾತ್ರ ಬಿಡುವಂತಿಲ್ಲ. ಲೆಕ್ಕ ಹಾಕಿ ಎಂದ ಪ್ರಭುವೇ, ತನ್ನದೆಲ್ಲವನ್ನೂ ಬಿಟ್ಟುಕೊಡದವನು ತಮ್ಮ ಶಿಷ್ಯನಾಗಲಾರ ಎಂದು ಮುಗಿಸುತ್ತಾರೆ. ಅಂದರೆ ಕೈಯಲ್ಲಿ ಎಷ್ಟಿದೆ ಎಂಬಲ್ಲಿಗೆ ಲೆಕ್ಕ ಮುಗಿಯುವುದಿಲ್ಲ. ಯಾವುದನ್ನು ಬಿಡಲು ನನಗೆ ಆಗುತ್ತಿಲ್ಲ ಎಂಬುದನ್ನೂ ಎಣಿಸಬೇಕು. ಮನೆಯ ಕನಸನ್ನು ದೇವರು ಕೇಳಿದರೆ ಕೊಟ್ಟೇನೆ? ಯಾತ್ರೆಯ ಕನಸನ್ನು ಕೇಳಿದರೆ ಕೊಟ್ಟೇನೆ? ಎರಡಕ್ಕೂ ಹೌದು ಎನ್ನುವವರೆಗೆ ನಾವು ಹಣದ ಲೆಕ್ಕವನ್ನಷ್ಟೇ ಮುಗಿಸಿದ್ದೇವೆ. ಹೌದು ಎನ್ನುವಂತಾದ ದಿನ ಯಾವುದನ್ನು ಆರಿಸಿದರೂ ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ.

ಆ ದಂಪತಿಗಳು ಕೊನೆಗೆ ಏನು ತೀರ್ಮಾನಿಸಿದರು ಎಂದು ನೀವು ಕೇಳಬಹುದು. ಅದು ಅವರ ಮತ್ತು ದೇವರ ನಡುವಿನ ಮಾತು, ನಾನು ಹೇಳುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಏನನ್ನೂ ತೀರ್ಮಾನಿಸುವ ಮೊದಲೇ ಮಗ ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದ. ಹೆಂಚು ಇಳಿಸಿ, ಹುಳು ತಿಂದ ತೀರುಗಳನ್ನು ಬದಲಿಸಿ, ಮಾಡನ್ನು ಹೊಸದಾಗಿ ಹೊದಿಸಿದರು. ಸೊಸೆ ಕೆಳಗೆ ನಿಂತು ಹೆಂಚು ಎತ್ತಿ ಕೊಟ್ಟಳು. ಕೆಲಸ ಮುಗಿದ ರಾತ್ರಿಯೇ ಮಳೆ ಬಂತು. ಅಭ್ಯಾಸಬಲದಿಂದ ಎದ್ದ ಅಪ್ಪ ಪಾತ್ರೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕತ್ತಲೆಯಲ್ಲಿ ನಿಂತಿದ್ದರಂತೆ. ಎಲ್ಲಿಯೂ ಹನಿ ಬೀಳಲಿಲ್ಲ. ಪಾತ್ರೆಯನ್ನು ಗೋಡೆಗೆ ಒರಗಿಸಿ ಮಲಗಿಕೊಂಡರಂತೆ. ಮರುದಿನ ಬೆಳಿಗ್ಗೆ ಅವರೇ ಸೊಸೆಯನ್ನು ಕರೆದು, “ನಿಮ್ಮಮ್ಮ ಹೋಗಬೇಕು ಅಂತಿದ್ದ ಊರು ಯಾವುದವ್ವ?” ಎಂದು ಕೇಳಿದರು.

ಈ ವಾರ ನಿಮ್ಮ ಮನೆಗಳಲ್ಲಿ ಜಪಸರ ಮುಗಿದ ಮೇಲೆ ಟಿವಿ ಹಚ್ಚುವ ಮೊದಲು ಸ್ವಲ್ಪ ಹೊತ್ತು ಒಟ್ಟಿಗೆ ಕುಳಿತುಕೊಳ್ಳಿ. ಮನೆ, ಚಿನ್ನ, ಮಕ್ಕಳ ಓದು, ಪ್ರಯಾಣ, ಯಾವುದಕ್ಕಾಗಿ ಉಳಿಸುತ್ತಿದ್ದೀರೋ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಆ ಲೆಕ್ಕದಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ನೋಡಿ. ವಯಸ್ಸಾದವರು ಮನೆಯಲ್ಲಿದ್ದರೆ ಮೊದಲು ಅವರನ್ನು ಮಾತಾಡಿಸಿ, ಅವರ ಮೌನವನ್ನೂ ಕೇಳಿ.

ನಾಳೆಗೆ ಬೇಕಾದ ಜ್ಞಾನವನ್ನು ಪವಿತ್ರಾತ್ಮರು ನಮಗೆ ದಯಪಾಲಿಸಲಿ. ಬೆತ್ಲೆಹೇಮಿನ ದಾರಿಯನ್ನೂ ನಜರೇತಿನ ಮನೆಯನ್ನೂ ಒಂದೇ ವಿಶ್ವಾಸದಿಂದ ಸ್ವೀಕರಿಸಿದ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.