ಬಾಗಿಲು ಇರುವುದು ಕಣ್ಣಿಗಾಗಿ

ಒಮ್ಮೆ ಒಬ್ಬಾತನು ಪ್ರವಾದಿಯವರ(ಸ) ಮನೆಯ ಬಾಗಿಲಿನ ರಂಧ್ರದಿಂದ ಒಳಗೆ ಇಣುಕಿದನು. ಪ್ರವಾದಿಯವರ(ಸ) ಕೈಯಲ್ಲಿ ಆಗ ತಲೆ ಬಾಚುವ ಸಾಧನವೊಂದಿತ್ತು. ನೀನು ಇಣುಕುತ್ತಿರುವೆಯೆಂದು ಮೊದಲೇ ತಿಳಿದಿದ್ದರೆ ಇದರಿಂದಲೇ ನಿನ್ನ ಕಣ್ಣಿಗೆ ಚುಚ್ಚುತ್ತಿದ್ದೆನೆಂದು ಅವರು ಎಚ್ಚರಿಸಿದರು. ಅನುಮತಿ ಕೇಳಬೇಕೆಂಬ ನಿಯಮವನ್ನು ವಿಧಿಸಿರುವುದೇ ಕಣ್ಣಿನ ಕಾರಣಕ್ಕಾಗಿ ಎಂದೂ ತಿಳಿಸಿದರು. ಸಹ್ಲ್ ಬಿನ್ ಸಅದ್(ರ) ವರದಿ ಮಾಡಿರುವ ಈ ಘಟನೆಯು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ.

ಸದಾ ಕರುಣೆಯ ಮಾತನ್ನಾಡುತ್ತಿದ್ದ ಪ್ರವಾದಿಯವರಿಂದ(ಸ) ಇಷ್ಟು ಕಠಿಣವಾದ ಮಾತು ಬಂತೆಂದರೆ ವಿಷಯದ ಗಾಂಭೀರ್ಯವನ್ನು ನಾವು ಅರಿಯಬೇಕು. ಅನ್ಯರ ಮನೆಯೊಳಗೆ ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಸೂರಃ ಅನ್ನೂರ್ ಆದೇಶಿಸುತ್ತದೆ. ಮರಳಿ ಹೋಗಿರಿ ಎಂದರೆ ಮುನಿಸಿಕೊಳ್ಳದೆ ಮರಳಬೇಕು. ಅಷ್ಟೇ ಅಲ್ಲ, ಫಜ್ರ್‌ಗೆ ಮುಂಚೆ, ನಡು ಮಧ್ಯಾಹ್ನ ಮತ್ತು ಇಶಾದ ಬಳಿಕ ಮನೆಯ ಪುಟ್ಟ ಮಕ್ಕಳೂ ಅನುಮತಿ ಕೇಳಿಯೇ ಕೋಣೆಯೊಳಗೆ ಬರಬೇಕೆಂದು ಅದೇ ಅಧ್ಯಾಯದ 58ನೇ ಸೂಕ್ತ ಕಲಿಸುತ್ತದೆ.

ಆದರೆ ಇಂದು ಇಣುಕುವವನಿಗೆ ರಂಧ್ರ ಹುಡುಕುವ ಕಷ್ಟವೇ ಇಲ್ಲ. ಬಾಗಿಲನ್ನು ಕಳಚಿ ಬೀದಿಯಲ್ಲಿಟ್ಟವರು ನಾವೇ! ಕುಟುಂಬ ಸಮೇತ ಉಮ್ರಾಕ್ಕೆ ಹೊರಟರೆ ವಿಮಾನ ನಿಲ್ದಾಣದಿಂದಲೇ ವಾಟ್ಸಾಪ್ ಸ್ಟೇಟಸ್. ಮನೆಗೆ ಬೀಗ ಬಿದ್ದಿದೆ ಎಂಬುದನ್ನು ನೂರಾರು ಮಂದಿಗೆ ತಿಳಿಸಿದಂತಾಯಿತು. (ಇಬಾದತ್‌ನ ಪ್ರದರ್ಶನ ರಿಯಾ ಆಗುವುದಿಲ್ಲವೇ ಎಂಬುದು ಬೇರೆಯೇ ಪ್ರಶ್ನೆ.) ಮದುವೆ ಮನೆಯಲ್ಲಿ ಮಗಳ ಮೈಮೇಲಿನ ಚಿನ್ನ, ಶಾಲೆಯ ಹೆಸರಿರುವ ಸಮವಸ್ತ್ರದಲ್ಲಿ ಮಗುವಿನ ಚಿತ್ರ, ಹುಟ್ಟಿದ ದಿನಾಂಕ ಸಹಿತ ಅಂಕಪಟ್ಟಿ, ಮೊಬೈಲ್ ನಂಬರ್ ಸಹಿತ ಹೆಣ್ಣಿನ ಬಯೋಡಾಟಾ – ಎಲ್ಲವೂ ಗುಂಪಿನಿಂದ ಗುಂಪಿಗೆ ಹೋಗುತ್ತಿವೆ. ಗಂಡ ಗಲ್ಫ್‌ನಲ್ಲಿದ್ದಾನೆ, ಮನೆಯಲ್ಲಿ ಹೆಂಗಸು ಮತ್ತು ಮಕ್ಕಳು ಮಾತ್ರ ಎಂಬುದನ್ನು ಊರಿಗೆಲ್ಲ ಸಾರುವ ಪೋಸ್ಟ್‌ಗಳೂ ಇವೆ. ಕಳ್ಳನಿಗೆ, ವಂಚಕನಿಗೆ ಇನ್ನೇನು ಬೇಕು?

ಯೂಸುಫ್(ಅ) ತಾನು ಕಂಡ ಸ್ವಪ್ನವನ್ನು ಹೇಳಿದಾಗ ತಂದೆ ಯಅಕೂಬ್(ಅ) ಮಾಡಿದ ಮೊದಲ ಕೆಲಸ, ಅದನ್ನು ಸಹೋದರರಿಗೆ ಹೇಳದಂತೆ ತಡೆದದ್ದು. ಅದು ಶುಭ ವಾರ್ತೆಯೇ ಆಗಿತ್ತು. ಹೇಳಬಾರದಾಗಿದ್ದುದು ಸ್ವಂತ ಅಣ್ಣಂದಿರಿಗೆ. ಶುಭ ವಾರ್ತೆಯನ್ನೂ ಎಲ್ಲರೆದುರು ಹರಡಬೇಕಾಗಿಲ್ಲ ಎಂಬ ಪಾಠ ಇದರಲ್ಲಿದೆ.

ಮಕ್ಕಳ, ಪತ್ನಿಯ ಗೌಪ್ಯವು ಮನೆಯ ಯಜಮಾನನ ಸೊತ್ತಲ್ಲ. ಅದು ಅವನ ಬಳಿಯಿರುವ ಅಮಾನತು. ಪತ್ನಿಯ ರಹಸ್ಯವನ್ನು ಹೊರಗೆಡಹುವ ಪುರುಷನು ಅಂತ್ಯದಿನದಲ್ಲಿ ಅತ್ಯಂತ ನಿಕೃಷ್ಟರ ಸಾಲಿನಲ್ಲಿರುವನೆಂದು ಮುಸ್ಲಿಮ್ ವರದಿ ಮಾಡಿರುವ ಹದೀಸ್‌ನಲ್ಲಿದೆ. ಹತ್ತು ವರ್ಷದ ಮಗ ನನ್ನ ಫೋಟೊ ಹಾಕಬೇಡಿ ಎಂದರೆ ನಗುವ ತಂದೆ, ಆ ಮಗನಿಂದಲೇ ಅನುಮತಿ ಕೇಳುವ ಶಿಷ್ಟಾಚಾರವನ್ನು ಹೇಗೆ ನಿರೀಕ್ಷಿಸಬಲ್ಲನು?

ಆದರೆ ಇಲ್ಲಿ ಒಂದು ತಪ್ಪು ತಿಳುವಳಿಕೆ ಬೇಡ. 2021ರ ಜುಲೈ ಮತ್ತು 2022ರ ಜನವರಿಯಲ್ಲಿ ಎರಡು ಆ್ಯಪ್‌ಗಳು ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಕದ್ದು ಅವರನ್ನು ಹರಾಜಿಗಿಟ್ಟಂತೆ ಪ್ರದರ್ಶಿಸಿದವು. ಅವುಗಳ ಹೆಸರೇ ಬೈಗುಳ, ಇಲ್ಲಿ ಬರೆಯಲು ಮನಸ್ಸಿಲ್ಲ. ಎರಡನೆಯ ಪ್ರಕರಣದಲ್ಲಿ ಮುಂಬೈ ಪೊಲೀಸರು ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನನ್ನೂ ಬಂಧಿಸಿದರು. ಆ ಮಹಿಳೆಯರಲ್ಲಿ ಪತ್ರಕರ್ತೆಯರಿದ್ದರು, ಸಾಮಾಜಿಕ ಕಾರ್ಯಕರ್ತೆಯರಿದ್ದರು. ಅವರು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಆಗ ನಮ್ಮವರಲ್ಲೇ ಕೆಲವರು, ಫೋಟೊ ಹಾಕಿದ್ದೇಕೆ ಎಂದು ಅವರನ್ನೇ ದೂರಿದರು. ಇದು ಅನ್ಯಾಯ. ಬಾಗಿಲಿನ ನಿಯಮ ಕಲಿಸಿದ ಸೂರಃ ಅನ್ನೂರ್‌ನಲ್ಲಿಯೇ ಅಲ್ಲಾಹನು ಹ. ಆಯಿಶಾರ(ರ) ಮೇಲಿನ ಸುಳ್ಳಾರೋಪವನ್ನು ಅಳಿಸಿ ಹಾಕಿದನು. ಆ ಮಾತನ್ನು ಬಾಯಿಂದ ಬಾಯಿಗೆ ಹರಡಿದವರನ್ನು ಅಲ್ಲಿ ತೀವ್ರವಾಗಿ ಖಂಡಿಸಲಾಗಿದೆ. ಇಂದು ಅಂಥ ಚಿತ್ರವನ್ನು ‘ನೋಡಿ, ಎಂಥ ಅನ್ಯಾಯ’ ಎಂದು ಫಾರ್ವರ್ಡ್ ಮಾಡುವವರೂ ಆ ಸೂಕ್ತಗಳನ್ನು ಇನ್ನೊಮ್ಮೆ ಓದಲಿ.

ನಿಮ್ಮ ಮಗಳ ಚಿತ್ರವನ್ನು ಯಾರಾದರೂ ದುರುಪಯೋಗ ಮಾಡಿದರೆ ಅವಳ ಕಾಲೇಜು ಬಿಡಿಸಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಅವಳು ನಿಮಗೆ ಹೇಳುವುದೇ ಇಲ್ಲ. ಮೊದಲು ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ. ಪುರಾವೆಯನ್ನು ಅಳಿಸದೆ ಉಳಿಸಿ, ಪೊಲೀಸ್ ಠಾಣೆಯಲ್ಲೋ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೋ ದೂರು ಕೊಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇನ್ನು ಉಮ್ರಾಕ್ಕೆ ಹೊರಡುವಾಗ ನೆರೆಮನೆಯವರಿಗೊಂದು ಮಾತು ಹೇಳಿ ಹೋಗಿ. ಚಿತ್ರಗಳನ್ನು ಬಂದ ಮೇಲೆ ತೋರಿಸಿದರಾಯಿತು.