ಬೀಜದೊಳಗೆ ಮೊದಲೇ ಇದ್ದದ್ದು

ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿದೆ ಎಂಬುದು ಸಾಂಖ್ಯರ ಸತ್ಕಾರ್ಯವಾದ. ಅದು ಹೊಸದಾಗಿಯೇ ಹುಟ್ಟುತ್ತದೆ ಎಂಬುದು ನೈಯಾಯಿಕರ ಪಕ್ಷ. ಬರವನ್ನೂ ಉಪ್ಪನ್ನೂ ತಾಳಿಕೊಳ್ಳುವ ಸೋಯಾ ಗಿಡ ಈ ಹಳೆಯ ದಾರ್ಶನಿಕ ವಿವಾದಕ್ಕೆ ಒಳ್ಳೆಯ ದೃಷ್ಟಾಂತ.

2010ರಲ್ಲಿ ಪ್ರಕಟವಾದ ಸೋಯಾ ಜೀನೋಮಿನಲ್ಲಿ ಸುಮಾರು 46,000 ಜೀನ್‌ಗಳು ಕಂಡವು. ಅವುಗಳಲ್ಲಿ ಹಲವು, ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನುಗಳನ್ನು ರೂಪಿಸುತ್ತವೆ. ಡ್ರೆಬ್, ನ್ಯಾಕ್, ಡಬ್ಲ್ಯುಆರ್‌ಕೆವೈ ಇಂಥ ಕುಟುಂಬಗಳು. ಮಣ್ಣು ಒಣಗಿದಾಗ ಅಥವಾ ಉಪ್ಪೇರಿದಾಗ ಇವು ಡಿಎನ್‌ಎಯ ನಿರ್ದಿಷ್ಟ ತಾಣಗಳಿಗೆ ಅಂಟಿಕೊಂಡು ರಕ್ಷಕ ಜೀನ್‌ಗಳನ್ನು ಎಬ್ಬಿಸುತ್ತವೆ. ಜೀವವಿಜ್ಞಾನ ಇದನ್ನು ಜೀನಿನ ಅಭಿವ್ಯಕ್ತಿ ಎನ್ನುತ್ತದೆ. ಸುಪ್ತವಾದದ್ದು ಪ್ರಕಟವಾಗುವುದಕ್ಕೆ ಸಾಂಖ್ಯರು ಬಳಸಿದ್ದೂ ಇದೇ ಪದ!

ಆದರೆ ಸಾಂಖ್ಯ ಗೆದ್ದಿತು ಎನ್ನುವುದು ಅವಸರದ ಮಾತು. ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ಡ್ರೆಬ್ ಜೀನನ್ನು ಸದಾ ಎಚ್ಚರವಾಗಿಟ್ಟಾಗ ಗಿಡ ಬರವನ್ನು ತಾಳಿತು, ಜೊತೆಗೆ ಕುಬ್ಜವೂ ಆಯಿತು. ಸಂಕಟ ಬಂದಾಗ ಮಾತ್ರ ಅದು ಎಚ್ಚರಗೊಳ್ಳುವಂತೆ ಮಾಡಿದಾಗ ಬೆಳವಣಿಗೆ ಅಷ್ಟು ಕುಂಠಿತವಾಗಲಿಲ್ಲ. ಹಾಗಾದರೆ ಸಮಯವೂ ಕಾರಣದ ಭಾಗವೇ. ಎಳ್ಳಿನಲ್ಲಿ ಎಣ್ಣೆ ಇದ್ದರೂ ಗಾಣ ಬೇಕು ಎಂದು ಸಾಂಖ್ಯರು ಇದಕ್ಕೆ ಉತ್ತರಿಸಿಯಾರು. ಗಟ್ಟಿ ಉತ್ತರವೇ ಅದು.

ಬರ ತಾಳುವ ಅರ್ಜೆಂಟೀನಾದ ಎಚ್‌ಬಿ4 ಸೋಯಾ ಮುಂದೆ ಮಾತ್ರ ಆ ಉತ್ತರ ಸೋಲುತ್ತದೆ. 2015ರಲ್ಲಿ ಅಲ್ಲಿ ಅನುಮತಿ ಪಡೆದ ಈ ತಳಿಯಲ್ಲಿರುವುದು ಸೂರ್ಯಕಾಂತಿಯ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಜೀನ್. ಸೋಯಾ ಬೀಜದಲ್ಲಿ ಎಂದೂ ಇರದ ಕಾರಣವೊಂದು ಹೊರಗಿನಿಂದ ಬಂದು ಸೇರಿದೆ. ಇಲ್ಲಿ ನೈಯಾಯಿಕರ ಪಕ್ಷಕ್ಕೇ ತೂಕ ಹೆಚ್ಚು.